ಮಗಳನ್ನು ತಾರಸಿಗೆ ಹತ್ತಿಸಿದವರು

ದೆವ್ವ-ಭೂತ ಕಂಡೆನೆಂದು ಹೇಳುವವರ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಅಷ್ಟಕ್ಕಷ್ಟೇ. ಹೊಟ್ಟೆಯಲ್ಲಿ ಅಜೀರ್ಣವೋ ತಲೆಯಲ್ಲಿ ನಿದ್ದೆಗೇಡೋ ಇರಬೇಕೆಂದು ನಗುತ್ತಿದ್ದವಳು ನಾನು. ಈಗ ನನ್ನ ಮಾತು ಕೇಳಿ ನೀವೂ ಹಾಗೇ ನಕ್ಕರೆ ಬೇಸರವಿಲ್ಲ. ವಾದ ಮಾಡಿ ನಂಬಿಸುವ ತ್ರಾಣ ನನ್ನಲ್ಲಿ ಉಳಿದಿಲ್ಲ.

ಕೋಲ್ಕತ್ತದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಒಂದರ ಬೆನ್ನಿಗೊಂದು ಬಾಗಿಲು ತೆರೆಯುತ್ತಿದ್ದ ಕಾಲ ಅದು. ಗಂಡ ರೈಲ್ವೆಯಲ್ಲಿದ್ದು, ಖರಗ್‌ಪುರದಿಂದ ಶನಿವಾರ ಬಂದು ಹೋಗುತ್ತಿದ್ದರು. ನಾನು ಮತ್ತು ನಾಲ್ಕು ವರ್ಷದ ಮಗಳು ಅನು, ಪಾರ್ಕ್ ಸ್ಟ್ರೀಟಿನ ಆಚೆ ಒಂದು ಗಲ್ಲಿಯ ಹಳೇ ಮನೆಯಲ್ಲಿ ನಡುವಿನ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯೊಡತಿ, ಎಪ್ಪತ್ತು ದಾಟಿದ ಬಂಗಾಳಿ ಮುದುಕಿ. ಎಲ್ಲರೂ ಕರೆಯುವಂತೆ ನಾವೂ ಅವರನ್ನು ಮಾಶಿಮಾ ಎನ್ನುತ್ತಿದ್ದೆವು. ನಾನು ಆಫೀಸಿನಲ್ಲಿರುವಾಗ ಅನು ಅವರ ಬಳಿಯೇ ಇರುತ್ತಿದ್ದಳು.

ವಿದೇಶಿ ಶಾಲೆಗಳಿಗೆ ಕಂಪ್ಯೂಟರ್ ಪಾಠ ತಯಾರಿಸುವುದು ನಮ್ಮ ಕಂಪನಿಯ ಕೆಲಸ. ಆ ವರ್ಷ ನನ್ನ ಪಾಲಿಗೆ ಬಂದದ್ದು ಮೊದಲ ಮಹಾಯುದ್ಧದ ಕಂದಕಗಳು. ಎರಡು ಸೈನ್ಯಗಳು ಎದುರುಬದುರು ಹಳ್ಳ ತೋಡಿಕೊಂಡು ವರ್ಷಗಟ್ಟಲೆ ಕೂತ ಯುದ್ಧ. ನಮ್ಮ ದೇಶದ ಸಿಪಾಯಿಗಳೂ ಅಲ್ಲಿದ್ದರು. ಒಬ್ಬರು ಚಾಪೆ ಕೆಳಗೆ ತೂರಿದರೆ ಇನ್ನೊಬ್ಬರು ರಂಗೋಲಿ ಕೆಳಗೆ. ನೇರವಾದ ಹಳ್ಳದಲ್ಲಿ ಸಿಡಿಗುಂಡು ಬಿದ್ದರೆ ಸಾಲಿಗೆ ಸಾಲೇ ಸಾಯುತ್ತದೆಂದು ಇವರು ಅಂಕುಡೊಂಕಾಗಿ ತೋಡಿದರು, ಅವರೂ ಹಾಗೇ ತೋಡಿದರು. ಗುಂಡಿಗೆ ಹೆದರಿ ಆಳಕ್ಕಿಳಿದವರ ಮೇಲೆ ವಿಷಗಾಳಿ ಬಿಟ್ಟರು. ಅದು ಭಾರವಾದ ಗಾಳಿ, ತಗ್ಗನ್ನೇ ಹುಡುಕಿಕೊಂಡು ಇಳಿಯುತ್ತದೆ. ತಳದಲ್ಲಿ ಮಲಗಿದವರು ಸತ್ತರು, ಮೇಲಿನ ಮೆಟ್ಟಿಲಲ್ಲಿ ನಿಂತವರು ಎಷ್ಟೋ ಮಂದಿ ಉಳಿದರು. ಮುಖವಾಡಗಳು ಬರುವ ಮೊದಲು ಸೈನಿಕರು ತಮ್ಮ ಮೂತ್ರದಲ್ಲೇ ಬಟ್ಟೆ ನೆನೆಸಿ ಮೂಗಿಗೆ ಕಟ್ಟಿಕೊಂಡರಂತೆ. ಮಕ್ಕಳ ಪಾಠಕ್ಕೆ ಈ ಮಾತು ಬೇಡವೆಂದು ಆ ಶಾಲೆಗಳವರು ತೆಗೆಸಿದರು. ಬರೆಯುವುದು, ತೆಗೆಯುವುದು, ಮತ್ತೆ ಬರೆಯುವುದು. ನನಗೆ ಸಾಕುಸಾಕಾಗಿ ಹೋಗಿತ್ತು.

ಬಂದ್ ಬಂತೆಂದರೆ ನಮ್ಮ ಕಂಪನಿಯದು ಬೇರೆಯೇ ಶಾಸ್ತ್ರ. ಊರು ಮುಚ್ಚಿದೆಯೆಂದು ವಿದೇಶದವರಿಗೆ ಗೊತ್ತಾಗಬಾರದು. ಹಾಗಾಗಿ ಹಿಂದಿನ ದಿನವೇ ವ್ಯಾನಿನಲ್ಲಿ ನಮ್ಮನ್ನೆಲ್ಲ ತುಂಬಿಕೊಂಡು ಹೋಗಿ, ಮೀಟಿಂಗ್ ಕೋಣೆಯಲ್ಲಿ ಹಾಸಿಗೆ ಹಾಕಿ ಮಲಗಿಸುತ್ತಿದ್ದರು. ಆ ಸಲವೂ ಹಾಗೇ ಆಯಿತು. ಮರುದಿನ ಸಂಜೆ ಬಂದ್ ಮುಗಿದ ಮೇಲೆ ಕಾಲೆಳೆದುಕೊಂಡು ಗಲ್ಲಿಯ ಬಾಯಿಗೆ ಬಂದರೆ, ಜನ ಸೆರಗು, ಲುಂಗಿ ಮೂಗಿಗೆ ಒತ್ತಿಕೊಂಡು ಹೊರಗೆ ಓಡಿ ಬರುತ್ತಿದ್ದರು. ಹಳೇ ಸಾಮಾನಿನ ಗೋದಾಮಿನಲ್ಲಿ ಯಾವುದೋ ಹಳೆಯ ಕ್ಲೋರಿನ್ ಸಿಲಿಂಡರ್ ಒಡೆದಿತ್ತು. ನಮ್ಮ ಮನೆ ಇದ್ದದ್ದು ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುವ ತಗ್ಗಿನಲ್ಲಿ.

ಇಬ್ಬರು ಯುವಕರು ಮಾಶಿಮಾರನ್ನು ಹೊತ್ತು ತಂದರು. ಮಾಶಿಮಾ ಕೆಮ್ಮುತ್ತ ಮನೆಯತ್ತ ಕೈ ತೋರಿಸುತ್ತಿದ್ದರು. ಅನು ಒಳಗಿದ್ದಳು.

ಯಾರೋ ತೋಳು ಹಿಡಿದರು, ಕೊಸರಿಕೊಂಡು ಓಡಿದೆ. ಮಾಶಿಮಾರ ಮಂಚ ಖಾಲಿ. ಮಂಚದ ಕೆಳಗೆ, ಅಡಿಗೆಮನೆಯಲ್ಲಿ, ಬಾಗಿಲ ಹಿಂದೆ, ಎಲ್ಲೂ ಇಲ್ಲ. ಕಣ್ಣು ಉರಿಯುತ್ತಿತ್ತು. ಬರೆದ ಪಾಠದ ಒಂದಕ್ಷರವೂ ನೆನಪಾಗಲಿಲ್ಲ. ಉಸಿರಿಗಾಗಿ ತಡವರಿಸುತ್ತ ಮೆಟ್ಟಿಲು ಹತ್ತಿದೆ, ಅಷ್ಟೇ. ಕಲ್ಲಿನಿಂದ ಬಡಿದರೂ ಸುಲಭಕ್ಕೆ ಜಾರದ ತಾರಸಿಯ ಅಗುಳಿ ಅಂದು ತೆಗೆದಿತ್ತು.

ಅನು ನೀರಿನ ಟ್ಯಾಂಕಿಗೆ ಒರಗಿ ಕೂತಿದ್ದಳು. ಮೂಗು-ಬಾಯಿಗೆ ಅಡ್ಡಲಾಗಿ ಖಾಕಿಯಂಥ ದಪ್ಪ ಬಟ್ಟೆ, ಹಿಂದೆ ಬಿಗಿಯಾದ ಗಂಟು. ಬಟ್ಟೆ ಒದ್ದೆಯಾಗಿತ್ತು, ಉಚ್ಚೆಯ ಘಾಟು ಹೊಡೆಯುತ್ತಿತ್ತು. ಅವಳ ಚಡ್ಡಿ, ಫ್ರಾಕು ಎರಡೂ ಒಂದಿಷ್ಟೂ ಒದ್ದೆಯಾಗಿರಲಿಲ್ಲ. ನಾನು ಅವಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಆಸ್ಪತ್ರೆಯಲ್ಲಿ ಆ ಬಟ್ಟೆಯನ್ನು ಯಾರೋ ಬಿಚ್ಚಿ ಎಸೆದರು. ಕೆಳಗೇ ಮಲಗಿದ್ದರೆ ಮಗು ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರು. ಮಾಶಿಮಾರನ್ನು ಹೊತ್ತು ತಂದ ಯುವಕರು ಮೆಟ್ಟಿಲನ್ನೇ ಹತ್ತಿರಲಿಲ್ಲ. ಮೇಲಿನ ಮಹಡಿಯವರು ಊರಂಚಿನ ಜೋಕಾ ಬಡಾವಣೆಯಲ್ಲಿದ್ದ ನೆಂಟರ ಮನೆಗೆ ಹೋಗಿದ್ದು, ಬಾಗಿಲಿಗೆ ಬೀಗವಿತ್ತು. “ಪಕ್ಕದಲ್ಲಿ ಮಲಗಿದ್ದ ಮಗುವನ್ನು ಯಾರೋ ಎತ್ತಿಕೊಂಡದ್ದು ಮಾತ್ರ ಗೊತ್ತಾಯಿತು, ನೀನೇ ಎಂದುಕೊಂಡೆ” ಎಂದರು ಮಾಶಿಮಾ. ಕಂದಕದ ಗುಂಗು ನನ್ನ ತಲೆಯಲ್ಲಿತ್ತು, ನಿಜ. ಆದರೆ ಮನೆಯಲ್ಲಿ ಅದರ ಸುದ್ದಿಯನ್ನೇ ಎತ್ತಿದವಳಲ್ಲ ನಾನು.

ಅನುವನ್ನು ಕೇಳಿದೆ. ಅವಳ ಕನ್ನಡದಲ್ಲಿ ಆಗಲೇ ಮೂರು ಭಾಷೆ ಬೆರೆತಿತ್ತು, ದೊಡ್ಡ ಗಂಡಸರೆಲ್ಲ ಅವಳಿಗೆ ಬಂಗಾಳಿಯ ‘ಕಾಕು’, ಅಂದರೆ ಚಿಕ್ಕಪ್ಪ.

“ಒಬ್ರು ಕಾಕು ಬಂದ್ರು ಅಮ್ಮಾ. ಊಪರ್ ಚಲೋ ಬೇಟಿ ಅಂತ ಎತ್ಕೊಂಡ್ರು. ಮೈಯೆಲ್ಲಾ ಕೆಸರು.”

“ನಿನ್ನ ಜೊತೆ ಕೂರಲಿಲ್ವಾ ಅವರು?”

“ಬೈಠೋ ನಾ ಅಂದೆ, ಕೂರ್ಲೇ ಇಲ್ಲ. ಅವ್ರಿಗೆ ಬಹುತ್ ಸುಸ್ತಾಗಿತ್ತು. ಕೆಳಗೆ ಇನ್ನೂ ತುಂಬಾ ಜನ ಮಲ್ಗಿದಾರಂತೆ, ಎಬ್ಬಿಸ್ಬೇಕಂತೆ. ಹೊರಟೋದ್ರು.”

ಆ ಮನೆಗೆ ಇದ್ದದ್ದು ಒಂದೇ ಮೆಟ್ಟಿಲು. ನಾನು ಹತ್ತುವಾಗ ಯಾರೂ ಎದುರಾಗಲಿಲ್ಲ. ಕೆಳಗೆ ಮಲಗಿದವರೂ ಯಾರೂ ಇರಲಿಲ್ಲ, ಗಲ್ಲಿಯವರೆಲ್ಲ ಆಗಲೇ ಹೊರಬಂದಿದ್ದರು. ಅನು ಈಗ ಕಾಲೇಜು ಮುಗಿಸಿದ್ದಾಳೆ, ಅವಳಿಗೆ ಇದೊಂದೂ ನೆನಪಿಲ್ಲ. ಬಂದವರು ಯಾರೆಂದು ಯೋಚಿಸುವುದನ್ನು ನಾನೂ ಬಿಟ್ಟಿದ್ದೇನೆ. ಅವರು ಎಬ್ಬಿಸಲು ಹೋದವರು ಎದ್ದರೋ ಇಲ್ಲವೋ ಎಂಬ ಚಿಂತೆ ಮಾತ್ರ ನನ್ನನ್ನು ಬಿಟ್ಟಿಲ್ಲ.