ಒಂದೇ ಪುಟಕ್ಕೆ ತುರುಕಿದ ಪ್ರೋಗ್ರಾಂ

ಕೋವಿಡ್ ಮುಗಿದ ಮೇಲಿನ ಎರಡನೇ ಸುಗ್ಗಿ. ಹರಪನಹಳ್ಳಿ ಹೊರವಲಯದ ಒಂದು ಮೆಕ್ಕೆಜೋಳ ಒಣಗಿಸುವ ಘಟಕದಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದೆ. ಕಾಳಿನಲ್ಲಿ ತೇವವಿದ್ದರೆ ಬರ್ನರ್ ಹೊತ್ತಿಸುವುದು, ಬಿಸಿ ಮಿತಿ ಮೀರಿದರೆ ಆರಿಸುವುದು, ನಮ್ಮ ಪ್ರೋಗ್ರಾಂ ಮಾಡುತ್ತಿದ್ದುದು ಇಷ್ಟೇ.

ಒಂದು ಮಧ್ಯಾಹ್ನ, ದಿನದ ಮೊದಲ ಲೋಡಿಗೇ, ಬರ್ನರ್ ಹೊತ್ತಿದ ಕೂಡಲೇ ಆರತೊಡಗಿತು. ಕೈಯಿಂದ ಹೊತ್ತಿಸಿದರೂ ಪ್ರೋಗ್ರಾಂ ಆರಿಸುತ್ತಿತ್ತು. ಒಳಗಿದ್ದದ್ದು ನೀಲಗುಂದದ ಹಾಲಮ್ಮನವರ ಜೋಳ, ಮಳೆಗೆ ಸಿಕ್ಕು ಬಂದದ್ದು. ಸಂಜೆಯೊಳಗೆ ಬಿಸಿ ಕಾಣದಿದ್ದರೆ ಬೂಷ್ಟು ಹಿಡಿದು ವರ್ಷದ ಬೆಳೆ ಹಾಳು. ಅವರು ಕೂತಲ್ಲಿ ಕೂರಲಿಲ್ಲ. ಡ್ರೈಯರ್ ಹತ್ತಿರ ಹೋಗಿ ಕಾಳು ಮೂಸುವುದು, ಬಂದು ನನ್ನ ಬಾಗಿಲಲ್ಲಿ ನಿಲ್ಲುವುದು. ಬಂದಾಗಲೆಲ್ಲ ನಾನು ಗಾಬರಿಯಲ್ಲಿ ತಪ್ಪು ಕೀ ಒತ್ತಿ ಅಳಿಸುತ್ತಿದ್ದೆ.

ಬಿಸಿ ಅಳೆಯುವ ಸೆನ್ಸರ್ ಬದಲಿಸಿದೆವು. ಪ್ರಯೋಜನವಾಗಲಿಲ್ಲ. ಸಹೋದ್ಯೋಗಿ ಕೊಟ್ರೇಶ ಅಂದು ಬೆಳಿಗ್ಗೆಯಷ್ಟೇ ಪ್ರೋಗ್ರಾಮಿಗೆ ಅಲಾರಂ ಸೇರಿಸಿದ್ದ, ಹಳೆಯ ಪ್ರತಿ ಇಟ್ಟಿರಲಿಲ್ಲ.

"ಅಲಾರಂ ಒಂದ ಹಾಕೀನ್ರಿ ಮೇಡಂ, ಬರ್ನರ್ ಮುಟ್ಟಿಲ್ಲ" ಎಂದ.

ಫೈಲ್ ತೆರೆದರೆ ನನಗೆ ಸಿಟ್ಟು ನೆತ್ತಿಗೇರಿತು. ಸಾಲು ಬಿಟ್ಟಿಲ್ಲ, ಅಂತರವಿಲ್ಲ, ಎಲ್ಲ ಒತ್ತೊತ್ತು. ಕಾಲೇಜಿನ ಲ್ಯಾಬ್ ರೆಕಾರ್ಡಿನಲ್ಲಿ ಒಂದು ಪ್ರೋಗ್ರಾಂ ಒಂದೇ ಪುಟಕ್ಕೆ ಮುಗಿಯಬೇಕೆಂದು ತುರುಕಿ ತುರುಕಿ ಕೊಟ್ರೇಶನಿಗೆ ಅಂಟಿದ ಚಾಳಿ ಅದು. ಇಲ್ಲಿ ಪುಟವೂ ಇಲ್ಲ, ಪ್ರಿಂಟೂ ಇಲ್ಲ, ಚಾಳಿ ಮಾತ್ರ ಬಿಟ್ಟಿರಲಿಲ್ಲ.

ಬಿಸಿ ಮೀರಿದರೆ ಅಲಾರಂ ಕೂಗಿಸು, ಬರ್ನರ್ ಆರಿಸು ಎಂದು ಒಂದೇ ಸಾಲಿನಲ್ಲಿತ್ತು. ಇಬ್ಬರೂ ಮತ್ತೆ ಮತ್ತೆ ಓದಿದೆವು, ಸರಿಯಾಗಿಯೇ ಕಂಡಿತು. ತಲೆ ಕೆಟ್ಟು ಫಾರ್ಮ್ಯಾಟರ್ ಓಡಿಸಿದೆ. ಅದು ಕೋಡಿನ ಅರ್ಥ ಮುಟ್ಟದೆ ಸಾಲು, ಅಂತರಗಳನ್ನಷ್ಟೇ ಸರಿಪಡಿಸುವ ಸಾಧನ. ಒಂದು ಸಾಲು ಮೂರಾಯಿತು. ಅಲಾರಂ 'ಬಿಸಿ ಮೀರಿದರೆ' ಎಂಬ ಷರತ್ತಿನ ಕೆಳಗೆ ಒಳಸರಿದು ನಿಂತಿತು. ಬರ್ನರ್ ಆರಿಸುವ ಆಜ್ಞೆ ಎಡ ಅಂಚಿಗೆ ಬಂತು.

"ಅದು ಹೊರಗ ನಿಂತೈತಲ್ರಿ" ಎಂದ ಕೊಟ್ರೇಶ.

ಆ ಭಾಷೆಯಲ್ಲಿ ಬ್ರ್ಯಾಕೆಟ್ ಹಾಕದಿದ್ದರೆ ಷರತ್ತು ಮೊದಲ ಆಜ್ಞೆಗೆ ಮಾತ್ರ. ಎರಡನೆಯದು ಬಿಸಿ ಇರಲಿ ಬಿಡಲಿ ನಡೆದೇ ನಡೆಯುತ್ತದೆ. ಎರಡನ್ನೂ ಬ್ರ್ಯಾಕೆಟ್ ಒಳಗೆ ತಂದೆ. ಬರ್ನರ್ ಹೊತ್ತಿತು, ಆರಲಿಲ್ಲ.

ಅಷ್ಟರಲ್ಲಿ ತಳದ ಒದ್ದೆ ಕಾಳು ತಾನಾಗಿಯೇ ಕಾವು ಹಿಡಿದು ಹುಳಿ ವಾಸನೆ ಬಂದಿತ್ತು. ಅದನ್ನು ಬೇರೆ ತೆಗೆದು ಹೊರಗೆ ಸುರಿಯಬೇಕಾಯಿತು, ಮೇಲಿನದು ಮಾತ್ರ ಉಳಿಯಿತು. ಏನಾಯಿತೆಂದು ಹಾಲಮ್ಮನವರಿಗೆ ಬಿಡಿಸಿ ಹೇಳಿದೆ.

"ನೀವ ಬರೆದದ್ದು ನಿಮಗ ಓದಾಕ ಬರ್ಲಿಲ್ಲೇನ್ರಿ?" ಎಂದರು. ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು.

ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಈಗ ಮೊದಲು ಇದನ್ನೇ ಹೇಳುತ್ತೇನೆ: ಯಂತ್ರ ಹೇಗೆ ಬರೆದರೂ ಓದಿಕೊಳ್ಳುತ್ತದೆ, ಗಾಬರಿಯಾದ ಮನುಷ್ಯನಿಗೆ ಓದಲು ಬರುವಂತೆ ಬರೆಯಿರಿ. ನಾವು ಓದಲಾಗದೆ ಕುಳಿತ ಆ ಮಧ್ಯಾಹ್ನಕ್ಕೆ ಬೆಲೆ ತೆತ್ತವರು ಹಾಲಮ್ಮ, ನಾವಲ್ಲ.