ದ್ರಾಕ್ಷಿತೋಟದಲ್ಲಿ ಮೂರು ಹಿಡಿ

ಇಂಥದ್ದನ್ನು ಬೇರೆಯವರು ಹೇಳಿದಾಗಲೆಲ್ಲ ಒಳಗೊಳಗೇ ನಕ್ಕವಳು ನಾನು. ನನ್ನದು ಆಹಾರ ಸಂಶೋಧನೆಯ ಕೆಲಸ. ಬೀಜ, ಸಿಪ್ಪೆ, ತಿರುಳುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತೇನೆ. ಯಂತ್ರ ತೋರಿಸಿದ್ದನ್ನಷ್ಟೇ ನಂಬುವುದು ಅಭ್ಯಾಸವಾಗಿಬಿಟ್ಟಿದೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಕೆಲಸಕ್ಕೆಂದು ಫ್ರಾನ್ಸಿಗೆ ಹೊರಟ ದಿನ, ಮೈಸೂರಿನ ಜಯಲಕ್ಷ್ಮಿಪುರಂನ ತವರುಮನೆಯಲ್ಲಿ ಅಮ್ಮ ನನಗೆ ಅಕ್ಕಿ, ಬೆಲ್ಲ, ಕೊಬ್ಬರಿ ಇಟ್ಟು ಮಡಿಲು ತುಂಬಿದಳು. ಹಾಗೆ ತುಂಬಿದ ಅಕ್ಕಿಯಲ್ಲಿ ಮೂರು ಹಿಡಿಯನ್ನು ಮಗಳು ತವರಿಗೇ ಹಿಂದಿರುಗಿಸಿ ಹೋಗಬೇಕು. ಮನೆಯ ಸಿರಿಯನ್ನೆಲ್ಲ ಬಳಿದುಕೊಂಡು ಹೋಗಬಾರದು ಎನ್ನುವುದು ನಮ್ಮ ಮನೆಯ ರೂಢಿ. ಹೊರಗೆ ಕಾರಿನವನು ಹಾರ್ನ್ ಹೊಡೆಯುತ್ತಿದ್ದ. ನಾನು ಅಕ್ಕಿಯನ್ನೆಲ್ಲ ಒಂದು ಕವರಿಗೆ ಸುರಿದುಕೊಂಡು ಓಡಿದೆ. ಅಮ್ಮ ಗೇಟಿನವರೆಗೂ ಬಂದು, ಸೆರಗಿನ ಎರಡು ತುದಿ ಹಿಡಿದು ಚಾಚಿ, ಮೆಲ್ಲಗೆ ಅಲುಗಿಸಿದಳು.

"ಮೂರ್ ಹಿಡಿ ಹಾಕ್ಬುಟ್ಟು ಹೋಗೇ."

"ಬಂದಾಗ ಹಾಕ್ತೀನಿ ಬುಡಮ್ಮ. ನಿನ್ ಸೆರಗು ಎಲ್ಲೋಗತ್ತೆ?" ಎಂದು ಕಾರು ಹತ್ತಿದೆ.

ಎರಡನೆಯ ವರ್ಷ ಅಮ್ಮ ತೀರಿಕೊಂಡಳು. ವೀಸಾ ಕಾಗದಗಳು ಎಲ್ಲೋ ಸಿಕ್ಕಿಹಾಕಿಕೊಂಡು ನನಗೆ ಬರಲಾಗಲಿಲ್ಲ. ಅಂದಿನಿಂದ ಆ ಗೇಟನ್ನು ನೆನೆದರೆ ಹೆದರಿಕೆ. ಅಲ್ಲಿನ ಕೆಲಸ ಮುಗಿದು, ಅರ್ಧ ಪೆಟ್ಟಿಗೆ ಕಟ್ಟಿದ ಮೇಲೆ, ಇನ್ನೂ ಮೂರು ವರ್ಷ ಉಳಿಯುತ್ತೀರಾ ಎಂದು ಕಚೇರಿಯವರು ಪತ್ರ ಕೊಟ್ಟರು. ನಿಜ ಹೇಳಬೇಕೆಂದರೆ ಬದುಕಿದೆ ಎನ್ನಿಸಿತು. ನನ್ನ ಯಜಮಾನರು ಅಲ್ಲೇ ಯೋಗ ಕಲಿಸುತ್ತಿದ್ದರು. ಅವರಿಗೆ ಮೈಸೂರಿನದೇ ಧ್ಯಾನ, ಆದರೂ ತೀರ್ಮಾನ ನನಗೇ ಬಿಟ್ಟರು. ಸೋಮವಾರ ಉತ್ತರ ಕೊಡಬೇಕಿತ್ತು. ಉಳಿದರೂ ಸರಿ, ಹೊರಟರೂ ಸರಿ, ದ್ರಾಕ್ಷಿಯ ಸೀಮೆಯನ್ನೊಮ್ಮೆ ನೋಡಿಬಿಡೋಣ ಎಂದು ಶನಿವಾರ ಹೊರಟೆವು.

ಭಾನುವಾರ ಬೆಳಿಗ್ಗೆ ಇಳಿಜಾರಿನ ತುಂಬ ಮಂಜು. ಕೊಯ್ಲು ಮುಗಿದು ಎಲೆಗಳು ಕೆಂಪಾಗಿದ್ದವು. ಯಜಮಾನರು ತೋಟದ ಮಾಲೀಕನ ಜೊತೆ ವೈನ್ ರುಚಿ ನೋಡಲು ನೆಲಮಾಳಿಗೆಗೆ ಇಳಿದರು. "ನೀನಂತೂ ಕುಡಿಯಲ್ಲ, ಒಂದ್ ಸುತ್ತು ಹಾಕ್ಕೊಂಡ್ ಬಾ. ಆ ಕಾಗದದ ಯೋಚ್ನೆ ಮಾತ್ರ ಇಲ್ಲೇ ಇಟ್ಟೋಗು ಕಣೇ" ಎಂದರು.

ಬಳ್ಳಿಗಳ ಸಾಲಿನ ನಡುವೆ ನಡೆದೆ. ಹುದುಗು ಬಂದ ಹಣ್ಣಿನ ವಾಸನೆ, ನನ್ನ ಹೆಜ್ಜೆಯೂ ನನಗೆ ಕೇಳಿಸದಂಥ ಮೆತ್ತನೆಯ ಮಣ್ಣು. ಎಷ್ಟು ದೂರ ಬಂದೆ, ಎಷ್ಟು ಹೊತ್ತಾಯಿತು ಒಂದೂ ತಿಳಿಯಲಿಲ್ಲ. ಒಂದು ಕಡೆ ಮುದುಕಿಯೊಬ್ಬಳು ಬಳ್ಳಿಯಲ್ಲಿ ಉಳಿದಿದ್ದ ಗೊಂಚಲುಗಳನ್ನು ಆಯುತ್ತಿದ್ದಳು. ನನ್ನನ್ನು ನೋಡಿ, ತಡವಾಯಿತಲ್ಲ ಎನ್ನುವಂತೆ ನಕ್ಕಳು. ನನ್ನ ಶಾಲಿನ ತುದಿ ನನ್ನ ಕೈಗೇ ಕೊಟ್ಟು, ಅದರೊಳಗೆ ಕಪ್ಪು ದ್ರಾಕ್ಷಿಯನ್ನು ಎರಡೂ ಕೈಯಲ್ಲಿ ತುಂಬಿದಳು.

ವಂದನೆ ಹೇಳಿ ತಿರುಗಿದೆ. ಹಿಂದಿನಿಂದ ಸಣ್ಣಗೆ ಕೆಮ್ಮಿದ ಸದ್ದು. ನೋಡಿದರೆ, ಅವಳು ಸೊಂಟಕ್ಕೆ ಕಟ್ಟಿಕೊಂಡಿದ್ದ ಏಪ್ರನ್ನಿನ ಎರಡು ತುದಿ ಹಿಡಿದು ನನ್ನತ್ತ ಚಾಚಿದ್ದಳು. ಮೆಲ್ಲಗೆ ಅಲುಗಿಸಿದಳು.

ಒಂದು ಹಿಡಿ ಹಾಕಿದೆ. ಅವಳು ಅಲ್ಲಾಡಲಿಲ್ಲ. ಇನ್ನೊಂದು ಹಾಕಿದೆ. ಆಗಲೂ ಇಲ್ಲ. ಮೂರನೆಯದು ಬಿದ್ದ ಮೇಲೆ ಬಟ್ಟೆ ಮಡಚಿಕೊಂಡು, ನನ್ನ ಕೆನ್ನೆ ಸವರಿ, ಮಂಜಿನೊಳಗೆ ಹೊರಟುಹೋದಳು. ನಾನು ಅಲ್ಲೇ ನಿಂತು ಅತ್ತೆ. ಅಮ್ಮ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಹೆಚ್ಚು ಕೊಟ್ಟುಬಿಟ್ಟೆನೆಂದು ಅವಳು ಸ್ವಲ್ಪ ವಾಪಸು ಕೇಳಿರಬಹುದು. ಮೂರಕ್ಕೇ ಸಾಕೆನ್ನಿಸಿರಬಹುದು. ಅಷ್ಟರಮಟ್ಟಿಗೆ ಯಾರು ಏನು ಹೇಳಿದರೂ ಒಪ್ಪುತ್ತೇನೆ. ಸೋಮವಾರ ಆ ಪತ್ರಕ್ಕೆ ಆಗುವುದಿಲ್ಲ ಎಂದು ಬರೆದೆ.

ಮೈಸೂರಿಗೆ ಬಂದ ದಿನ ಗೇಟು ದಾಟುವಾಗ ಕಾಲು ತಡೆಯಿತು, ಆದರೂ ದಾಟಿದೆ. ಅತ್ತಿಗೆ ದೇವರ ಮನೆಗೆ ಕರೆದುಕೊಂಡು ಹೋಗಿ, ಮುಚ್ಚಳವಿದ್ದ ಹಿತ್ತಾಳೆಯ ಡಬ್ಬಿಯೊಂದನ್ನು ನನ್ನ ಕೈಗಿತ್ತರು.

"ಅತ್ತೆ ಇದ್ನ ಖಾಲಿ ಇಟ್ಟಿದ್ರು ಕಣ್ರೀ. ಅವಳು ಬಂದು ಮೂರ್ ಹಿಡಿ ಅಕ್ಕಿ ಹಾಕ್ಲಿ, ಅಲ್ಲೀತನಕ ಯಾರೂ ಮುಟ್ಬೇಡಿ ಅಂತ."

ಮುಚ್ಚಳ ತೆಗೆದೆ. ತಳದಲ್ಲಿ ಒಂದಷ್ಟು ಒಣಗಿದ ದ್ರಾಕ್ಷಿ ಬೀಜಗಳಿದ್ದವು.

ಅತ್ತಿಗೆ ಬಗ್ಗಿ ನೋಡಿದರು. "ಯಾರೋ ಹಣ್ಣು ತಿಂದು ಹಾಕಿರ್ಬೇಕು ಬುಡಿ" ಎಂದವರು, ಮತ್ತೆ ಇಣುಕಿ, "ಎಂಜಲು ಬೀಜ ದೇವ್ರ ಮನೇಲಿ ಯಾರು ಹಾಕ್ತಾರೆ?" ಎಂದು ತಮ್ಮನ್ನೇ ಕೇಳಿಕೊಂಡರು.

ಬೀಜಗಳನ್ನು ತೆಗೆಯದೆ, ಅವುಗಳ ಮೇಲೆಯೇ ಮೂರು ಹಿಡಿ ಅಕ್ಕಿ ಹಾಕಿ ಮುಚ್ಚಿದೆ.

ಅವು ನಮ್ಮ ಮಾರುಕಟ್ಟೆಯ ದ್ರಾಕ್ಷಿಯವೋ ಆ ತೋಟದವೋ ಎಂದು ತಿಳಿಯುವುದು ನನಗೆ ಕಷ್ಟದ ಕೆಲಸವಲ್ಲ. ದಿನವೂ ಮಾಡುವುದು ಅದನ್ನೇ. ಮೂರು ವರ್ಷವಾಯಿತು. ಆ ಡಬ್ಬಿಯನ್ನು ನಾನಿನ್ನೂ ಪ್ರಯೋಗಾಲಯಕ್ಕೆ ಕೊಂಡೊಯ್ದಿಲ್ಲ.