ಶಿವದೇವಿ ರಜೆಗೆ ಹೋದದ್ದು

ಟೂರ್ ಅಂತೆ ಟೂರ್! ಅಮೃತಪ್ಪನ ಬಾಯಲ್ಲಿ ಆ ಮಾತು ಬಂದರೆ ಸಾಕು, ಅವನ ಹೆಂಡತಿ ಶಿವದೇವಿಗೆ ಮೈಯೆಲ್ಲ ಉರಿಯುತ್ತಿತ್ತು. ಮದುವೆಯಾಗಿ ದಿಲ್‌ಸುಖ್‌ನಗರದ ಮನೆಗೆ ಬಂದಾಗಿನಿಂದ ಅವಳು ಮೈಸೂರು ನೋಡಿದ್ದಳು, ರಾಮೇಶ್ವರ ನೋಡಿದ್ದಳು, ಕನ್ಯಾಕುಮಾರಿಯನ್ನೂ ನೋಡಿದ್ದಳು. ನೋಡಿದ್ದಳು ಎನ್ನುವುದು ಗಂಡ ಹೇಳಿಕೊಂಡು ತಿರುಗುವ ಮಾತು. ಅವಳು ಕಂಡದ್ದು ಲಾಡ್ಜುಗಳ ಬಚ್ಚಲು. ಮೈಸೂರಿನ ಅರಮನೆಗೆ ದೀಪ ಹತ್ತಿದಾಗ ಅವಳು ಕುಕ್ಕರಿನ ತಳ ತಿಕ್ಕುತ್ತಿದ್ದಳು. ಕನ್ಯಾಕುಮಾರಿಯಲ್ಲಿ ಸೂರ್ಯ ಮುಳುಗುವಾಗ ಕರೆಂಟ್ ಒಲೆಯ ಮೇಲೆ ಬೇಳೆ ಬೇಯಲಿಟ್ಟು, ಮ್ಯಾನೇಜರ್ ಎಲ್ಲಿ ಬಂದುಬಿಡುತ್ತಾನೋ ಎಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

ಅಮೃತಪ್ಪ ಬೀದರ್ ಕಡೆಯವನು, ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಕೆಲಸ. ಟೆನ್ಷನ್ ಇಲ್ಲದೆ ಟೂರ್ ಮಾಡುವುದು ಹೇಗೆ ಎಂದು ಕ್ಯಾಂಟೀನಿನಲ್ಲಿ ಕೂತು ಭಾಷಣ ಬಿಗಿಯುವುದೆಂದರೆ ಅವನಿಗೆ ಎಲ್ಲಿಲ್ಲದ ಹುರುಪು. ಹೋಟೆಲಿನ ಕೂಳು ತಿಂದರೆ ಹೊಟ್ಟೆ ಕೆಡುತ್ತದೆ, ಹೊಟ್ಟೆ ಕೆಟ್ಟರೆ ಟೂರ್ ಕೆಡುತ್ತದೆ. ಆದ್ದರಿಂದ ಎಲ್ಲಿಗೆ ಹೋದರೂ ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಿಟ್ಟು, ಬೇಳೆ, ಒಲೆ. ಸಾಮಾನಿಗೆ ಸರಪಳಿ, ಬೀಗ. ಜೇಬುಗಳ್ಳರ ಭಯಕ್ಕೆ ಟೂರಿನ ದುಡ್ಡೆಲ್ಲ ಹೆಂಡತಿಯ ಸೊಂಟದ ಸಂಚಿಯಲ್ಲಿ. ಅವನಿಗೆ ಟೆನ್ಷನ್ ಇರಲಿಲ್ಲ, ನಿಜ. ಅದನ್ನೂ ಅವಳ ಸೊಂಟಕ್ಕೇ ಕಟ್ಟಿದ್ದ.

ಆ ವರ್ಷ ತೆಲಂಗಾಣ ಚಳವಳಿ ಜೋರಾಗಿತ್ತು. ಇವತ್ತು ಬಂದ್, ನಾಳೆ ರಸ್ತೆ ತಡೆ, ಬಸ್ಸುಗಳು ಡಿಪೋ ಬಿಟ್ಟು ಹೊರಬಿದ್ದರೆ ಪುಣ್ಯ. ಕಾರ್ಖಾನೆಯ ಜನ ಒಬ್ಬೊಬ್ಬರಾಗಿ ಟಿಕೆಟ್ ರದ್ದು ಮಾಡಿಸಿದರು. ಅಮೃತಪ್ಪ ಮಾಡಿಸಲಿಲ್ಲ. ಈ ವರ್ಷ ಹೋಗದಿದ್ದರೆ ಸರಕಾರ ಕೊಡುವ ರೈಲಿನ ಖರ್ಚು ಬಿಟ್ಟುಹೋಗುತ್ತಿತ್ತಲ್ಲ! ಸಂಜೆಯೆಲ್ಲ ಟೀವಿಯ ಮುಂದೆ ಕೂತು, ಯಾವ ದಿನ ಬಂದ್ ಇಲ್ಲ ಎಂದು ಹುಡುಕಿ, ವಿಶಾಖಪಟ್ಟಣದ ರೈಲಿಗೆ ದಿನ ಗೊತ್ತುಮಾಡಿದ. ಶಿವದೇವಿ ಆಗಲೇ ಹೇಳಿಬಿಟ್ಟಳು.

"ಈ ಸರ್ತಿ ಒಲಿ ಬಂದ್ರ ನಾ ಬರೂದಿಲ್ರಿ. ಒಂದ್ ಸಲನಾದ್ರೂ ಯಾರರೆ ತಾಟು ತಂದು ನನ್ನ ಮುಂದ ಇಡಬೇಕು. ಮತ್ತೇನೂ ಬ್ಯಾಡ ನನಗ."

"ಹೊಟ್ಟಿ ಕೆಟ್ರ?"

"ಕೆಡಲಿ. ನನ್ನ ಹೊಟ್ಟಿ ನಾ ನೋಡ್ಕೋತೀನಿ."

ಕಾಲೇಜು ಓದುವ ಮಗಳು ವನಜಾ ಮಧ್ಯೆ ಮೂಗು ತೂರಿಸಿದಳು. "ಅವ್ವಾ, ಇಷ್ಟಕ್ಕ ಇಷ್ಟ್ಯಾಕ ಜಗಳಾ ಮಾಡಾಕತ್ತಿ?"

"ಅಲ್ಲಿ ಕುಕ್ಕರ್ ನೀ ತಿಕ್ಕತೀಯೇನ?"

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಸಾರಿಗೆ ಉಪ್ಪು ಕಡಿಮೆಯಾದರೂ ಮಗಳ ಮುಖಾಂತರ ಹೇಳಿಕಳಿಸುವ ಸ್ಥಿತಿ. ಕೊನೆಗೆ ಅಮೃತಪ್ಪನೇ ಹಲ್ಲು ಕಡಿಯುತ್ತ ಒಪ್ಪಿದ. "ಆತ ತಾಯಿ, ಕೈ ಮುಗಿತೀನಿ. ಒಲಿ ತರೂದಿಲ್ಲ. ಸಾಕಲ್ಲ?" ಶಿವದೇವಿ ನಂಬಿದಳು. ಅದೇ ಅವಳು ಮಾಡಿದ ತಪ್ಪು.

ರೈಲು ಸಿಕಂದರಾಬಾದ್ ಬಿಟ್ಟಿತು. ಕಿಟಕಿಯ ಪಕ್ಕ ಕೂತ ಶಿವದೇವಿಯ ತೊಡೆಯ ಮೇಲೆ ಒಂದು ಡಬ್ಬಿಯೂ ಇರಲಿಲ್ಲ, ಅಷ್ಟಕ್ಕೇ ಅವಳ ಜೀವ ಹಗುರಾಗಿತ್ತು. ಭುವನಗಿರಿ ದಾಟಿದ ಮೇಲೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಟೀವಿಯವರಿಗೂ ತಿಳಿಯದ ರೈಲ್ ರೋಕೋ! ಹಳಿಯ ಮೇಲೆ ಜನ ಡಪ್ಪು ಬಾರಿಸುತ್ತ ಕೂತಿದ್ದರು. ಚಹಾ ಮಾರುವವನ ಕ್ಯಾನು ಖಾಲಿಯಾಯಿತು, ಬಾಳೆಹಣ್ಣಿನವಳ ಬುಟ್ಟಿಯೂ ಖಾಲಿ. ಮಧ್ಯಾಹ್ನ ಕಳೆದರೂ ರೈಲು ಮಿಸುಕಲಿಲ್ಲ. ವನಜಾ ಹಸಿವಿಗೆ ಸಿಡಿಮಿಡಿಗುಟ್ಟತೊಡಗಿದಳು.

"ಈಗ ಯಾರು ತಾಟು ತಂದು ಇಡತಾರ, ಕರಿ ನೋಡೂಣು," ಎಂದ ಅಮೃತಪ್ಪ.

ಅವನ ಮುಖದಲ್ಲಿ ಚಿಂತೆಯ ಸುಳಿವಿಲ್ಲ, ಮೀಸೆಯ ಕೆಳಗೆ ಸಣ್ಣ ನಗೆ. ಸೀಟಿನ ಕೆಳಗಿನ ಸರಪಳಿ ಬಿಚ್ಚಿ ದೊಡ್ಡ ಸೂಟ್‌ಕೇಸ್ ಎಳೆದ. ಬಟ್ಟೆಯ ಅಡಿಯಿಂದ ಒಂದು ಸ್ಟೀಲ್ ಡಬ್ಬಿ ಬಂತು. ಮುಚ್ಚಳದ ಮೇಲೆ ಕೊರೆಸಿದ ಹೆಸರು ಗುರುಬಾಯಿ. ಹಿಮಾಯತ್‌ನಗರದಲ್ಲಿರುವ ಅವನ ಅಕ್ಕ. ಶಿವದೇವಿ ಬಡಿದ ರೊಟ್ಟಿ ಆ ಮಹಾತಾಯಿಗೆ ಒಂದು ದಿನವೂ ತೆಳ್ಳಗೆ ಕಂಡದ್ದಿಲ್ಲ.

"ಇದಕ್ಕ ಅನುಭವ ಅಂತಾರ," ಎಂದು ಅಮೃತಪ್ಪ ಅಕ್ಕಪಕ್ಕದವರಿಗೆಲ್ಲ ರೊಟ್ಟಿ ಹಂಚತೊಡಗಿದ. "ತೀಸ್ಕೋಂಡಿ, ತೀಸ್ಕೋಂಡಿ," ಎಂದು ತೆಲುಗಿನಲ್ಲಿ ಉಪಚಾರ ಬೇರೆ. ಶಿವದೇವಿಯ ಕಣ್ಣು ಸೂಟ್‌ಕೇಸಿನೊಳಗೇ ಇತ್ತು. ಡಬ್ಬಿ ಎತ್ತಿದ ಜಾಗದಲ್ಲಿ ಹಿಟ್ಟಿನ ಚೀಲ, ಕುಕ್ಕರ್, ಹಳೆಯ ಪೇಪರಿನಲ್ಲಿ ಸುತ್ತಿದ ಕರೆಂಟ್ ಒಲೆ.

"ಒಲಿ ತರೂದಿಲ್ಲ ಅಂದಿದ್ರಿ."

"ಅಲ್ಲಿ ಹ್ವಾದ ಮ್ಯಾಲೆ ನೀನ ಮಾಡ್ತಿದ್ದಿ ಬಿಡು. ನಿನ್ನ ಸಿಟ್ಟು ಎಷ್ಟೊತ್ತಿಂದು, ನನಗ ಗೊತ್ತಿಲ್ಲೇನು? ತಗೋ, ತಿನ್ನು."

ಎದುರಿಗಿದ್ದವರು ನಕ್ಕರು. ಮಗಳೂ ನಕ್ಕಳು. ಶಿವದೇವಿ ಚಾಚಿದ ರೊಟ್ಟಿಯನ್ನು ಮುಟ್ಟಲಿಲ್ಲ. ಒಲೆ ತಂದದ್ದಕ್ಕಿಂತ, ತನ್ನ ಸಿಟ್ಟಿಗೆ ಕವಡೆಯ ಬೆಲೆಯೂ ಇಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದ್ದು ಅವಳ ಕರುಳಿಗೆ ನಾಟಿತು. ಸಂಜೆಗೆ ರೈಲನ್ನು ಮುಂದಕ್ಕೆ ಬಿಡದೆ ಸಿಕಂದರಾಬಾದಿಗೇ ವಾಪಸು ಎಳೆದು ತಂದರು.

ಮನೆಗೆ ಬಂದವನೇ ಅಮೃತಪ್ಪ ಕುರ್ಚಿಗೆ ಬಿದ್ದು, "ಛಾ ಇಡು," ಎಂದ.

ಶಿವದೇವಿ ಸೂಟ್‌ಕೇಸಿನ ಸರಪಳಿ ಎತ್ತಿಕೊಂಡಳು. ಅಡುಗೆಮನೆಯ ಬಾಗಿಲೆಳೆದು, ಚಿಲಕಕ್ಕೆ ಸರಪಳಿ ಸುತ್ತಿ, ಅದೇ ಬೀಗ ಜಡಿದು, ಕೀಲಿಯನ್ನು ಸೊಂಟದ ಸಂಚಿಗೆ ಹಾಕಿಕೊಂಡಳು.

"ಏನ್ ನಡಸೀದಿ ಇದು?"

"ರಜಾ ರೀ. ನೀವು ಡ್ಯೂಟಿಗೆ ಹೋಗೂತನಕ ನಂದೂ ರಜಾ. ರೈಲು ನಿಂತ್ರ ನಿಂದರಲಿ, ನನ್ನ ಟೂರ್ ನಿಂದರೂದಿಲ್ಲ."

"ತಲಿ ಕೆಟ್ಟೈತೇನ? ನಾವೇನ ತಿನ್ನೂದು?"

"ನಿಮ್ಮಕ್ಕನ ರೊಟ್ಟಿ ಅದಾವಲ್ಲ. ಭಾಳ ದಿನ ಬಾಳ್ತಾವು. ಒಲಿನೂ ತಂದೀರಿ, ಮಾಡ್ಕೋರಿ."

ಅವನು ಕೂಗಾಡಿದ, ಬಾಗಿಲು ಗುದ್ದಿದ. ಮನೆತನದ ಮಾನ ಹೋಯಿತೆಂದ. ಅವಳು ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಕಾಲು ಚಾಚಿ ಮಲಗಿದಳು.

ಮರುದಿನ ಅವಳು ಒಳ್ಳೆಯ ಸೀರೆ ಉಟ್ಟು ಬಸ್ ಸ್ಟ್ಯಾಂಡಿನ ಹತ್ತಿರದ ಉಡುಪಿ ಹೋಟೆಲಿಗೆ ನಡೆದಳು. ಒಬ್ಬಳೇ ಹೋಟೆಲಿನಲ್ಲಿ ಕೂತದ್ದು ಜನ್ಮದಲ್ಲಿ ಮೊದಲು. ಮಾಣಿ ಬಂದು, "ಏಂ ಕಾವಾಲಮ್ಮಾ?" ಎಂದ. ಏನು ಬೇಕು ಎಂದು ಅವಳನ್ನು ಇಲ್ಲಿಯವರೆಗೆ ಕೇಳಿದವರು ಯಾರು? ಇಡ್ಲಿ ಗಟ್ಟಿಯಾಗಿತ್ತು, ಸಾಂಬಾರು ಸಪ್ಪೆ. ಆದರೆ ತಟ್ಟೆ ತಾನಾಗಿ ಬಂದು ಮುಂದೆ ಕೂತಿತು, ತಿಂದಾದ ಮೇಲೆ ತಾನಾಗಿ ಎದ್ದೂ ಹೋಯಿತು. ಶಿವದೇವಿಗೆ ಅಳು ಬಂತು. ಸಂತೋಷದ ಅಳುವಲ್ಲ, ಇಷ್ಟು ಸಣ್ಣದಕ್ಕೆ ಇಷ್ಟು ವರ್ಷ ಕಾಯಿಸಿದರಲ್ಲ ಎಂಬ ಸಿಟ್ಟಿನ ಅಳು. ಅಲ್ಲಿಂದ ಮುಂದೆ ಬಂದ್ ಇಲ್ಲದ ದಿನವೆಲ್ಲ ಸಂಚಿಯಲ್ಲಿದ್ದ ಟೂರಿನ ದುಡ್ಡಿನಲ್ಲಿ ಆಟೋ ಹಿಡಿದಳು. ಸಾಲಾರ್‌ಜಂಗ್ ಮ್ಯೂಸಿಯಮ್ಮಿನ ಗಡಿಯಾರದ ಮುಂದೆ ನಿಂತು, ಒಳಗಿನ ಬೊಂಬೆ ಹೊರಗೆ ಬಂದು ಗಂಟೆ ಹೊಡೆಯುವವರೆಗೆ ಕಾದಳು. ಮನೆಯಲ್ಲಿ ಯಾರ ಊಟದ ಹೊತ್ತೂ ಮೀರುತ್ತಿರಲಿಲ್ಲ.

ಇತ್ತ ಅಮೃತಪ್ಪ ಕರೆಂಟ್ ಒಲೆ ಹಚ್ಚಿ ಅನ್ನಕ್ಕಿಟ್ಟ. ಅನ್ನ ತಳ ಹಿಡಿಯಿತು, ಫ್ಯೂಸ್ ಹಾರಿತು, ಇಡೀ ಕಟ್ಟಡ ಕತ್ತಲಾಯಿತು. ಮನೆಯ ಮಾಲಕ ಮೇಲೆ ಬಂದು ಬಾಯಿಗೆ ಬಂದಂತೆ ಬೈದು ಹೋದ. ತಮ್ಮನ ಪಾಡು ಕೇಳಿ ಗುರುಬಾಯಿ ಆಟೋ ಮಾಡಿಕೊಂಡು ಓಡಿ ಬಂದಳು.

"ಗಂಡಗ ಅನ್ನಾ ಹಾಕದಾಕಿ ಹೆಣ್ಣಂತ ಹೆಣ್ಣ!"

"ಕರ್ಕೊಂಡು ಹೋಗ್ರಿ ಅಕ್ಕಾರ. ನೀವ ಹಾಕ್ರಿ."

ಗುರುಬಾಯಿ ತನ್ನ ಡಬ್ಬಿಯನ್ನೂ ಬಿಟ್ಟು ಮೆಟ್ಟಿಲಿಳಿದಳು. ತಮ್ಮನನ್ನು ಮಾತ್ರ ಕರೆದೊಯ್ಯಲಿಲ್ಲ. ವನಜಾ ಅಪ್ಪನನ್ನು ಬಿಟ್ಟು ಅವ್ವನ ಹಿಂದೆ ಮಸಾಲೆ ದೋಸೆಗೆ ಓಡಿದಳು. ಅಮೃತಪ್ಪ ಹೋಗಲಿಲ್ಲ. ಹೋಟೆಲಿನ ಮೆಟ್ಟಿಲು ಹತ್ತಿದವನನ್ನು ಕಾರ್ಖಾನೆಯವರು ಯಾರಾದರೂ ಕಂಡರೆ, ಕ್ಯಾಂಟೀನಿನಲ್ಲಿ ಬಿಗಿದ ಭಾಷಣವೆಲ್ಲ ಏನಾಗಬೇಕು? ಉಳಿದ ರೊಟ್ಟಿಯ ಚೂರನ್ನು ನೀರಿನಲ್ಲಿ ಅದ್ದಿ, ನೋಯುವ ದವಡೆ ಹಿಡಿದುಕೊಂಡು ಅಗಿದ. ನೋಡಿ ಶಿವದೇವಿಗೆ ಒಮ್ಮೆ ಅಯ್ಯೋ ಅನಿಸಿತು. ರೈಲಿನ ನಗು ನೆನಪಾದದ್ದೇ ಆ ಅಯ್ಯೋ ಹಾರಿಹೋಯಿತು.

"ನಾಳಿಗೆ ಡ್ಯೂಟಿ ಐತಿ. ಡಬ್ಬಿ ಕಟ್ಟತೀಯೋ ಇಲ್ಲೋ?" ಎಂದು ಕೊನೆಗೆ ಅವನೇ ಗೋಡೆಗೆ ಮುಖ ಮಾಡಿ ಕೇಳಿದ.

"ಕಟ್ಟತೀನಿ. ನಾಳಿಂದ ನನಗೂ ಡ್ಯೂಟಿ."

ಬೆಳಿಗ್ಗೆ ಬೀಗ ತೆಗೆದಳು, ರೊಟ್ಟಿ ಬಡಿದಳು. ಅವನು ಡಬ್ಬಿ ಹಿಡಿದು ಸ್ಕೂಟರಿನ ಹತ್ತಿರ ಬಂದಾಗ ಕೆಳಮನೆಯ ಶಾಮಲಾ ಗೇಟಿನಲ್ಲಿ ನಿಂತಿದ್ದಳು. ಮೈಸೂರು ಕಡೆಯ ಹೆಂಗಸು, ಮಾತಿಗೆ ಬೆಲ್ಲ ಹಚ್ಚಿಯೇ ಚುಚ್ಚುವವಳು. "ಪಾಪ, ಈ ಸಲ ನಿಮ್ಮ ಟೂರ್ ಹಾಳಾಗೋಯ್ತಲ್ವಾ? ಯಾರೂ ಎಲ್ಲೂ ಹೋಗೋಕಾಗ್ಲಿಲ್ಲ."

ಅಮೃತಪ್ಪ ತಲೆ ತಗ್ಗಿಸಿ ಸ್ಕೂಟರಿನ ಕಿಕ್ ಒದ್ದ. ಮೇಲ್ಮಹಡಿಯ ಕಟ್ಟೆಗೆ ಒರಗಿ ನಿಂತಿದ್ದ ಶಿವದೇವಿ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಇವರು ಹೋಗಲಿಲ್ರಿ. ನಾ ಹೋಗಿ ಬಂದೆ."